ಹದಿನಾಲ್ಕು ಮಂದಿ, ಒಂದು ಜೋಡಿ ಬೂಟು

"ತುರುಕಬೇ ಕಾಲ, ತುರುಕು! ಮದಲಿಂಗಿತ್ತಿಗತೆ ನಾಚಕೋಂತ ಕುಂತಾಳ ನೋಡ. ಬೂಟಿನಾಗ ಕಾಲ ಇಡಾಕೂ ಮುಹೂರ್ತ ಬೇಕೇನ ನಿನಗ?"

ಪೌರಕಾರ್ಮಿಕರ ಮೇಸ್ತ್ರಿ, ಮುಕಾದಮ ಯಲ್ಲೇಶ ಮೊಬೈಲು ಎತ್ತಿ ಹಿಡಿದು ಒದರುತ್ತಿದ್ದ. ಮುಳ್ಳಗಟ್ಟಿ ಪಟ್ಟಣ ಪಂಚಾಯ್ತಿ ಕಚೇರಿಯ ಹಿಂದಿನ ತಗಡಿನ ಶೆಡ್ಡು. ಸೋಮವಾರ, ಬೆಳಗಿನ ಆರೂ ಇಪ್ಪತ್ತು. ಮಗುಚಿ ಹಾಕಿದ ಕಸದ ಡಬ್ಬಿಯ ಮೇಲೆ ಸಾತವ್ವ ಕೂತಿದ್ದಳು. ಬಲಗಾಲು ಬೂಟಿನೊಳಗೆ ಹೋಗಿತ್ತು. ಎಡಗಾಲಿಗೆ ಹಳೇ ಸೀರೆಯ ಅರಿವೆ ಸುತ್ತಿತ್ತು. ಕಾಲು ಕುಂಬಳಕಾಯಿಯಂತೆ ಊದಿಕೊಂಡಿತ್ತು. ಆಕೆ ಬೂಟಿನ ಬಾಯಿಗೆ ಕಾಲು ತಂದು, ಉಸಿರು ಹಿಡಿದು ಒತ್ತಿದಳು. ಬೆರಳು ಮುಟ್ಟುತ್ತಲೇ ಹೊಟ್ಟೆಯೊಳಗಿಂದ ಒಂದು ಸದ್ದು ಹೊರಟಿತು. ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಆಗವಲ್ತೋ ಯಪ್ಪಾ."

"ಆಗಬೇಕು. ಬೂಟ ಇಲ್ಲಂದ್ರ ಫೋಟೋ ಇಲ್ಲ. ಫೋಟೋ ಇಲ್ಲಂದ್ರ ಹಾಜರಿ ಇಲ್ಲ. ನಿನ್ನ ಹಿಂದ ಇನ್ನಾ ಮೂರು ಮಂದಿ ನಿಂತಾರ."

ಹಿಂದೆ ನಿಂತವರಲ್ಲಿ ರೇಣವ್ವ ಕೊನೆಯವಳು. ಆಕೆಗೆ ಬಾಯಿಯೆಂದರೆ ಬಾಯಿ. "ನಿಮ್ಮವ್ವನ ಕಾಲ ಆಗಿದ್ರ ಹಿಂಗ ತುರುಕತಿದ್ದೇನೋ ಬಾಡ್ಯಾ?"

"ನಮ್ಮವ್ವ ಗಟಾರ ಬಳಿಯಾಕ ಬರೂದಿಲ್ಲ ಈಗ."

"ಬರತಿದ್ಲಲ್ಲೋ! ಗಟಾರದಾಗ ಬಿದ್ದ ಸತ್ತಳು. ಆಕೀ ಹೆಣದ ಮ್ಯಾಲ ನಿಂತ ಈಗ ನೀ ಮುಕಾದಮ ಆಗೀ. ಇದೇ ಸಾತವ್ವನ ಕೈಯಾಗ ರೊಟ್ಟಿ ತಿಂದ ಬೆಳದಿ. ಓಣ್ಯಾಗ ಆಕಿ 'ಚಿಗವ್ವ', ಇಲ್ಲೆ ಬಂದ್ರ ಬರೇ 'ಬೇ' ಏನ?"

ಯಲ್ಲೇಶನ ಮುಖ ಒಂದು ಕ್ಷಣ ಇಳಿಯಿತು. ಅವನು ಆ ಕಡೆ ಈ ಕಡೆ ನೋಡಿ, ಬೂಟನ್ನು ತುದಿಗಾಲಿನಿಂದ ಸಾತವ್ವನ ಎಡಗಾಲಿನ ಮುಂದಕ್ಕೆ ತಳ್ಳಿದ. "ಬೂಟ ಮುಂದ ಇಟ್ಕೊ. ಕಾಲ ಹಿಂದ ಸರಸು. ಸೀರಿ ಅಂಚ ಮ್ಯಾಲ ಬಿಡು. ಹಾಂ. ಕೈಗವಸ ಕಾಣೂ ಹಂಗ ಹಿಡಿ. ನಗಬ್ಯಾಡ."

"ನಗತಾಳಂತ!" ಎಂದಳು ರೇಣವ್ವ.

ಮೊಬೈಲು ಕಟ್ ಎಂದಿತು. ಹಾಜರಿ ಆಯಿತು.

ಇದು ಏಳು ತಿಂಗಳಿಂದ ನಡೆದ ಕೆಲಸ. ಮೇಲಿನಿಂದ ಒಂದು ಹುಕುಂ ಬಂದಿತ್ತು: ಪೌರಕಾರ್ಮಿಕರು ಗಮ್‌ಬೂಟು, ಕೈಗವಸು, ಕೇಸರಿ ಜಾಕೀಟು ಹಾಕಿಕೊಂಡೇ ಕೆಲಸಕ್ಕೆ ಇಳಿಯಬೇಕು, ಹಾಕಿಕೊಂಡದ್ದರ ಫೋಟೋ ದಿನಾ ಬೆಳಗ್ಗೆ ಮುಕಾದಮನ ಮೊಬೈಲಿನಿಂದ ಬೆಳಗಾವಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗಬೇಕು. ಅಲ್ಲಿ ಯಾರೋ ಕೂತು ಎಲ್ಲ ಊರಿನ ಎಲ್ಲ ಕಾಲುಗಳನ್ನೂ ನೋಡುತ್ತಾರಂತೆ. ಹುಕುಮಿನ ಬೆನ್ನಿಗೆ ಪೆಟ್ಟಿಗೆಗಳೂ ಬಂದವು. ಹದಿನಾಲ್ಕು ಮಂದಿಯೂ ವಹಿಯಲ್ಲಿ ಹೆಬ್ಬೆಟ್ಟು ಒತ್ತಿದರು. "ಪೆಟಗಿ ಬಂದಾವ, ಒತ್ರಿ" ಎಂದರು, ಒತ್ತಿದರು. ಆದರೆ ಒಡೆದದ್ದು ಒಂದೇ ಪೆಟ್ಟಿಗೆ. ಅದರಲ್ಲಿದ್ದದ್ದು ಒಂದೇ ಜೋಡಿ. ಮಿಕ್ಕ ಹದಿಮೂರು ಎಲ್ಲಿ ಎಂದು ಕೇಳಿದವಳು ರೇಣವ್ವ ಒಬ್ಬಳೇ. ಮರುದಿನದಿಂದ ಆಕೆಯ ಪಾಲಿಗೆ ಕೋಳಿ ಅಂಗಡಿ ಸಾಲಿನ ಗಟಾರ ಬಿತ್ತು.

ಆ ಒಂದೇ ಜೋಡಿಯನ್ನು ಹದಿನಾಲ್ಕು ಮಂದಿ ಸರದಿಯ ಮೇಲೆ ಹಾಕಿಕೊಳ್ಳುತ್ತಿದ್ದರು. ಹಿಂದೆ ಫೋಟೋ ಸ್ಟುಡಿಯೋದಲ್ಲಿ ಒಂದೇ ಕೋಟು ಇರುತ್ತಿತ್ತಲ್ಲ, ಊರಿನ ವರಗಳೆಲ್ಲ ಅದನ್ನೇ ತೊಟ್ಟು ನಿಲ್ಲುತ್ತಿದ್ದರಲ್ಲ, ಹಾಗೆ. ಒಬ್ಬಳು ಹಾಕಿ, ನಿಂತು, ತೆಗೆದು, ಮುಂದಿನವಳಿಗೆ ದಾಟಿಸುವುದು. ಹನ್ನೊಂದನೆಯವಳಾದ ಸಾತವ್ವನ ಹತ್ತಿರ ಬರುವ ಹೊತ್ತಿಗೆ ಬೂಟಿನ ಒಳಗು ಹತ್ತು ಮಂದಿಯ ಬೆವರಿಗೆ ನೆನೆದು, ಸತ್ತ ಇಲಿಯ ಹೊಟ್ಟೆಯಂತೆ ಬೆಚ್ಚಗೆ ಲಿಬಲಿಬ ಎನ್ನುತ್ತಿತ್ತು. ಒಬ್ಬಳ ಬೆರಳ ಸಂದಿನ ಹುಣ್ಣು ಎರಡು ತಿಂಗಳಲ್ಲಿ ಎಲ್ಲರದೂ ಆಗಿತ್ತು. ಫೋಟೋ ಮುಗಿದ ಮೇಲೆ ಬೂಟು ಯಲ್ಲೇಶನ ಕಪಾಟಿಗೆ ಹೋಗಿ ಕೀಲಿ ಬೀಳುತ್ತಿತ್ತು. ಹೆಂಗಸರು ಹವಾಯಿ ಚಪ್ಪಲಿಯಲ್ಲಿ ಗಟಾರಕ್ಕೆ ಇಳಿಯುತ್ತಿದ್ದರು.

ಹಿಂದಿನ ಸೋಮವಾರ ಸಾತವ್ವ ಇಳಿದದ್ದೂ ಹಾಗೇ. ಫೋಟೋ ಆದ ಮೇಲೆ ರೇಣವ್ವನಿಗೆ ಜ್ವರ ಏರಿ, ಆ ದಿನ ಕೋಳಿ ಸಾಲಿನ ಗಟಾರ ಈಕೆಯ ಪಾಲಿಗೆ ಬಂದಿತ್ತು. ಕರುಳು, ಪುಕ್ಕ, ಕಪ್ಪು ನೀರು. ಅದರೊಳಗೆ ಯಾರೋ ಒಡೆದ ಟ್ಯೂಬಲೈಟು ಎಸೆದಿದ್ದರು. ಗಾಜು ಚಪ್ಪಲಿ ತೂರಿ ಅಂಗಾಲಿಗೆ ಇಳಿಯಿತು. ಮೊದಲೇ ಸಕ್ಕರೆ ಕಾಯಿಲೆಯ ಮೈ. ನಾಲ್ಕು ದಿನಕ್ಕೆ ಎರಡು ಬೆರಳು ಸಗಣಿ ಹೆಂಡಿಯ ಬಣ್ಣಕ್ಕೆ ತಿರುಗಿದವು. ಶನಿವಾರ ಬೆಳಗಾವಿಯ ದವಾಖಾನೆಯ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು: ಶುಕ್ರವಾರದೊಳಗೆ ಭರ್ತಿ ಆದರೆ ಎರಡು ಬೆರಳು ಹೋಗುತ್ತವೆ, ಪಾದ ಉಳಿಯುತ್ತದೆ. ತಡವಾದರೆ ಪಾದಕ್ಕೆ ನಾವು ಜವಾಬ್ದಾರರಲ್ಲ. ಕೆಲಸದ ಮೇಲೆ ಆದ ಗಾಯ ಎಂದು ನಿಮ್ಮ ಆಫೀಸಿನಿಂದ ಒಂದು ಪತ್ರ ತರಬೇಕು, ತಂದರೆ ಎಲ್ಲ ಖರ್ಚೂ ಸರ್ಕಾರದ್ದು.

ಒಂದು ಪತ್ರ. ನಾಲ್ಕು ಸಾಲು, ಒಂದು ಸಹಿ, ಒಂದು ಗೋಲ ಶಿಕ್ಕೆ.

*

ಈ ಸೋಮವಾರ, ಫೋಟೋ ಮುಗಿದ ಮೇಲೆ, ಹನ್ನೊಂದು ಗಂಟೆಗೆ ಸಾತವ್ವ ಮುಖ್ಯಾಧಿಕಾರಿಯ ಕೋಣೆಯ ಬಾಗಿಲಿಗೆ ಹೋದಳು. ಹತ್ತೊಂಬತ್ತು ವರ್ಷ ಆ ಕೋಣೆಯ ನೆಲ ಒರೆಸಿದ್ದಳು. ಕೈಯಲ್ಲಿ ಅರಿವೆ ಇಲ್ಲದೆ ಒಮ್ಮೆಯೂ ಒಳಗೆ ಕಾಲಿಟ್ಟವಳಲ್ಲ.

"ಎದಕ ಬಂದೀ? ಅಲ್ಲೇ ನಿಂದ್ರು, ಅಲ್ಲೇ. ಒಳಗ ಬರಬ್ಯಾಡ." ಸಾಹೇಬರು ಕರವಸ್ತ್ರ ಮೂಗಿಗೆ ಒತ್ತಿಕೊಂಡರು. "ಏನ್ ನಾತ ಇದು? ಏ ಕರೆಪ್ಪ, ಫ್ಯಾನ್ ಜೋರ ಮಾಡು."

ಸಿಪಾಯಿ ಕರೆಪ್ಪ ಫ್ಯಾನು ಏರಿಸಿದ. ಸಾತವ್ವ ಚಾಚಿದ ಡಾಕ್ಟರ ಚೀಟಿಯನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಮೇಜಿನ ಮೇಲಿಟ್ಟ. ಸಾಹೇಬರು ಅದನ್ನು ಮುಟ್ಟದೆ, ಬಗ್ಗಿ ಓದಿದರು. ಓದಿ ಮೊಬೈಲಿನಲ್ಲಿ ಏನೋ ಹುಡುಕಿ ಪರದೆಯನ್ನು ಬಾಗಿಲ ಕಡೆ ತಿರುಗಿಸಿದರು.

"ಯಾರಿದು?"

"ನಾನಾ ರಿ."

"ಕಾಲಾಗ ಏನೈತಿ?"

"ಬೂಟರಿ."

"ಹೋದ ಸೋಮವಾರ, ಮುಂಜಾನಿ ಆರೂ ಇಪ್ಪತ್ತೆರಡು. ಕಾಲಾಗ ಬೂಟ ಐತಿ. ಗಾಜ ಹೆಂಗ ನಟ್ಟೀತು? ಬೂಟ ತೂರಿ ಹೋಯ್ತ?"

"ಸಾಹೇಬ್ರ, ಆ ಬೂಟ ಬರೇ ಫೋಟೋದ್ದುರಿ. ತಮಗ ಗೊತ್ತೈತಲ್ರಿ."

"ನನಗೇನ ಗೊತ್ತೈತಿ?" ದನಿ ಏರಿತು. "ಹಂಗಾರ ಸರ್ಕಾರದ ದಾಖಲೆ ಸುಳ್ಳು, ನೀ ಖರೇ? ಮನ್ಯಾಗ ಕಾಲ ಒಡಕೊಂಡ ಬಂದು ಆಫೀಸಿನ ಕೊಳ್ಳಿಗೆ ಕಟ್ಟಾಕ ಬಂದೀ ಏನ? ನಿಮ್ಮ ಮಂದಿದು ಇದ ಹಣೇಬಾರ. ಕೈ ಕೊಟ್ರ ಮೊಳಕೈ ನುಂಗತೀರಿ."

ಅವರು ಕಪಾಟಿನಿಂದ ಒಂದು ಕಾಗದ ತೆಗೆಸಿದರು. ಮೊದಲೇ ಟೈಪು ಮಾಡಿಸಿ ಇಟ್ಟದ್ದು. ಕರೆಪ್ಪ ಓದಿ ಹೇಳಿದ: ಸಾತವ್ವ ಎಂಬ ನಾನು ನನ್ನ ಮನೆಯಲ್ಲಿ ಗಾಜಿನ ಲೋಟ ಒಡೆದು, ಅದರ ಚೂರು ತುಳಿದು ಗಾಯ ಮಾಡಿಕೊಂಡಿರುತ್ತೇನೆ, ಇದಕ್ಕೂ ಪಂಚಾಯ್ತಿಗೂ ಯಾವುದೇ ಸಂಬಂಧ ಇರುವುದಿಲ್ಲ.

"ನಮ್ಮ ಮನ್ಯಾಗ ಗಾಜಿನ ಲೋಟಾನ ಇಲ್ರಿ," ಎಂದಳು ಸಾತವ್ವ.

ಕರೆಪ್ಪನಿಗೆ ನಗು ಬಂತು. ಸಾಹೇಬರ ಮುಖ ನೋಡಿ ನುಂಗಿಕೊಂಡ.

"ಹೆಬ್ಬೆಟ್ಟ ಒತ್ತು. ಆಮ್ಯಾಲ ಮಾನವೀಯತಿ ಮ್ಯಾಲ ಏನರ ಮಾಡೂಣು. ಗುರುವಾರ ಬೆಳಗಾವಿಂದ ಪರಿಶೀಲನಾದವರು ಬರಾಕತ್ಯಾರ. ಅಷ್ಟರಾಗ ಈ ಕಾಲಿನ ಪುರಾಣ ಮುಗೀಬೇಕು. ಒತ್ತೂದಿಲ್ಲೇನ? ಹಂಗಾರ ಪತ್ರಾನೂ ಇಲ್ಲ. ನಡಿ."

ಸಾತವ್ವ ತಿರುಗಿ ನಾಲ್ಕು ಹೆಜ್ಜೆ ಹೋಗಿರಲಿಲ್ಲ. ಒಳಗಿನಿಂದ ದನಿ ಬಂತು: "ಕರೆಪ್ಪ, ಆ ಹೊಸ್ತಲಾ ಫಿನಾಯಿಲ ಹಾಕಿ ತೊಳಿಸು. ರಸಿ ಬಿದ್ದೈತಿ ನೋಡಲ್ಲೆ."

ಕರೆಪ್ಪ ಓಡಿ ಬಂದ. ಅತ್ತಿತ್ತ ನೋಡಿದ. ಬೆಳಗಿನ ಹನ್ನೊಂದು ಗಂಟೆಗೆ ಬೇರೆ ಯಾವ ಹೆಂಗಸೂ ಕಚೇರಿಯ ಹತ್ತಿರ ಇರಲಿಲ್ಲ. "ಯಕ್ಕಾ," ಎಂದ ಸಣ್ಣ ದನಿಯಲ್ಲಿ, "ಫಿನಾಯಿಲ ಎಲ್ಲಿಟ್ಟೀ?"

ಸಾತವ್ವ ಕುಂಟುತ್ತ ಹೋಗಿ ತಂದಳು. ಹೊಸ್ತಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು, ತನ್ನ ಕಾಲು ಬಿಟ್ಟ ಗುರುತನ್ನು ತಾನೇ ಒರೆಸಿದಳು. ಒರೆಸಿದಷ್ಟೂ ಇನ್ನೊಂದು ಬೀಳುತ್ತಿತ್ತು. ಕೊನೆಗೆ ಹಿಂದೆ ಹಿಂದೆ ಸರಿಯುತ್ತ, ಒರೆಸುತ್ತ, ಮೆಟ್ಟಿಲು ಇಳಿದು ಹೋದಳು.

*

ಗುರುವಾರ ಕಚೇರಿಯ ಬಾಗಿಲಿಗೆ ರಂಗೋಲಿ, ಮಾವಿನ ತೋರಣ ಬಿದ್ದಿದ್ದವು. ಗೇಟಿಗೆ ಕಟ್ಟಿದ ಬಟ್ಟೆಯ ಮೇಲೆ 'ಸಿಬ್ಬಂದಿ ಹಾಗೂ ಸೇವಾ ಸಮಾನತೆ ಪರಿಶೀಲನೆ' ಎಂದು ಬರೆಸಿತ್ತು. ಅದನ್ನು ಏಣಿ ಹತ್ತಿ ಕಟ್ಟಿದವಳು ರೇಣವ್ವ. ಎಂಟು ಗಂಟೆಗೆ ಇಸ್ಮಾಯಿಲನ ಕಸದ ಟ್ರ್ಯಾಕ್ಟರು ಶೆಡ್ಡಿನ ಮುಂದೆ ನಿಂತಿತು. ಹಿಂದಿನ ಟ್ರೇಲರಿನ ತುಂಬ ಬೂಟು.

"ಬರ್ರೆವಾ, ನಿಮ್ಮ ಲಗ್ನದ ಬೂಟ ತಂದೀನಿ," ಎಂದು ಇಸ್ಮಾಯಿಲ ಒಂದೊಂದೇ ಕೆಳಗೆ ಎಸೆದ. "ಖಾನಾಪುರದ ಬಾಜೂಕ ಹಂಚಿನ ಭಟ್ಟಿ ಐತಲ್ಲ, ಅಲ್ಲಿ ಆಳುಮಂದಿವು. ಮಾಲಕ ಎಣಿಸಿ ಕೊಟ್ಟಾನ. ಹದಿಮೂರು. ಸಂಜೀಕ ಎಣಿಸಿ ವಾಪಸ್ ಒಯ್ಬೇಕು."

"ಅವರು ಇವತ್ತ ಕೆಸರಾಗ ಬರಿಗಾಲಲೆ ಇಳೀತಾರೇನೋ?" ಎಂದಳು ರೇಣವ್ವ.

"ಮತ್ತ? ಇವತ್ತ ಸಮಾನತಾ ನಿಮ್ಮ ಕಡೀಗೆ ಬಂದೈತಿ. ಅವರ ಪಾಳಿ ನಾಳೆ."

ಎಲ್ಲವೂ ಗಂಡಸರ ಬೂಟು. ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಹೆಂಗಸರು ತೊಳೆದು, ಒಳಗೆ ಪೇಪರು ತುರುಕಿ ಹಾಕಿಕೊಂಡರು. ಮಕ್ಕಳು ಅಪ್ಪನ ಬೂಟು ಹಾಕಿದಂತೆ ಧಪ್ ಧಪ್ ಎಂದು ನಡೆದರು. ಸಿದ್ದಕ್ಕ ಎರಡು ಹೆಜ್ಜೆಗೆ ಮುಗ್ಗರಿಸಿ ಬಿದ್ದಳು, ಎಲ್ಲರೂ ನಕ್ಕರು.

ಯಲ್ಲೇಶ ಸಾತವ್ವನನ್ನು ಶೆಡ್ಡಿನ ಮೂಲೆಗೆ ಕರೆದ. ಈ ದಿನ ಅವನ ದನಿ ಮೆತ್ತಗಿತ್ತು. "ಚಿಗವ್ವ, ನಿನ್ನ ಕಾಲ ಬೂಟಿನಾಗ ಹಿಡಿಯೂದಿಲ್ಲ. ಮೇಡಂ ಮುಂದ ನೀ ಬರಬ್ಯಾಡ. ಇಸ್ಮಾಯಿಲ ಕಸದ ಗುಡ್ಡಕ ಬಿಟ್ಟ ಬರತಾನ. ಅಲ್ಲೇ ನೆಳ್ಳಾಗ ಕುಂದ್ರು. ಹಾಜರಿ ನಾ ನೋಡ್ಕೋತೀನಿ."

"ಪತ್ರ?"

"ಪತ್ರ ಆಮ್ಯಾಲ ಕೇಳೂಣು."

"ನಾಳೆ ಶುಕ್ರವಾರ ಐತೋ."

"ನನ್ನ ಕೈಯಾಗ ಏನೈತಿ ಚಿಗವ್ವ? ನನ್ನ ಕೈಯಾಗ ಬರೇ ಮೊಬೈಲ ಐತಿ."

ಇಸ್ಮಾಯಿಲ ಆಕೆಯ ರಟ್ಟೆ ಹಿಡಿದು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂಡ್ರಿಸಿದ. ಗೇಟು ದಾಟಿ, ಬಸ್‌ಸ್ಟ್ಯಾಂಡು ದಾಟಿ, ಗುಡ್ಡದ ದಾರಿಗೆ ತಿರುಗುವ ಮೊದಲು ಬ್ರೇಕು ಹಾಕಿದ. ಆಗ ಎದುರಿನಿಂದ ಬಿಳಿ ಕಾರೊಂದು ಕಚೇರಿಯ ಕಡೆಗೆ ಹೋಯಿತು.

"ಗಾಡಿ ಬಂದ್ ಬಿತ್ತ ಯಕ್ಕಾ."

ಎಂಜಿನ್ನು ಧಡಧಡ ಎನ್ನುತ್ತಿತ್ತು. "ಚಾಲೂನ ಐತಲ್ಲೋ."

"ನಿನಗ ಚಾಲೂ ಕಾಣಸ್ತದ. ನನಗ ಬಂದ್ ಬಿದ್ದದ." ಅವನು ಮುಂದೆ ನೋಡುತ್ತಲೇ ಹೇಳಿದ. "ಆ ಮೇಡಂ ನಾಳೆ ಬರೂದಿಲ್ಲ. ಒಂದ ತಾಸ ಇರತಾಳ, ಊಟ ಮಾಡತಾಳ, ಹೋಗತಾಳ. ನನಗೂ ಮನ್ಯಾಗ ಮಕ್ಕಳದಾವ, ನಾ ನಿನ್ನ ಇಳಿಸಿಲ್ಲ. ನೀನ ಇಳದ ಹೋದಿ. ತಿಳೀತ?"

ಸಾತವ್ವ ಇಳಿದಳು. ಕಚೇರಿ ಇನ್ನೂರು ಮಾರು ದೂರ. ಅಷ್ಟು ದೂರ ನಡೆಯಲು ಆಕೆಗೆ ಅರ್ಧ ತಾಸು ಹಿಡಿಯಿತು.

*

ಸಭಾಭವನದಲ್ಲಿ ಹದಿಮೂರು ಹೆಂಗಸರು ಕುರ್ಚಿಯ ಮೇಲೆ ಕೂತಿದ್ದರು. ಆ ಕುರ್ಚಿಗಳನ್ನು ಒರೆಸಿ ಗೊತ್ತಿತ್ತು, ಕೂತು ಗೊತ್ತಿರಲಿಲ್ಲ. ಎಲ್ಲರೂ ಅಂಚಿಗೆ ಕೂತಿದ್ದರು. ಸಾಹೇಬರಿಗೂ ಮೇಡಂಗೂ ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು, ಹೆಂಗಸರಿಗೆ ಕಾಗದದ ಕಪ್ಪಿನಲ್ಲಿ ಬಂತು.

ಮೇಡಂ ಹೆಸರು ಸಮೃದ್ಧಿ. ಮೂವತ್ತು ದಾಟದ ಹೆಣ್ಣುಮಗಳು. ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನೆ. ಹಗುರ ದನಿ, ಮುಖದ ಮೇಲೆ ಸಿಟ್ಟಿಲ್ಲ. ಕೈಯಲ್ಲಿ ಪಾಟಿಯಷ್ಟು ದೊಡ್ಡ ಟ್ಯಾಬು. ಪ್ರಶ್ನೆ ಓದುವಳು, ಉತ್ತರ ಕೇಳುವಳು, ಬೆರಳಿಂದ ಒತ್ತುವಳು.

"ಜಾತಿ ಕಾರಣಕ್ಕೆ, ಹೆಣ್ಣು ಎಂಬ ಕಾರಣಕ್ಕೆ ನಿಮಗೆ ಇಲ್ಲಿ ತಾರತಮ್ಯ ಆಗಿದೆಯೇ?"

"ಇಲ್ರಿ," ಎಂದರು ಹದಿಮೂರು ಮಂದಿ ಒಟ್ಟಿಗೆ. ಸಾಲಿಯ ಮಕ್ಕಳು ಮಗ್ಗಿ ಹೇಳಿದಂತೆ. ಬುಧವಾರ ಇಡೀ ಮಧ್ಯಾಹ್ನ ಯಲ್ಲೇಶ ಹೇಳಿಕೊಟ್ಟಿದ್ದ.

"ಕುಡಿಯುವ ನೀರು, ಶೌಚಾಲಯ ಬಳಸಲು ಅಡ್ಡಿ?"

"ಇಲ್ರಿ."

"ಸೇವೆಗಳಿಗೆ ಬರೋಣ. ನಿಮ್ಮ ಓಣಿಗೆ ಕಸದ ಗಾಡಿ ನಿತ್ಯ ಬರುತ್ತದೆಯೇ?"

ಇದನ್ನು ಯಲ್ಲೇಶ ಹೇಳಿಕೊಟ್ಟಿರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ರೇಣವ್ವ ಎದ್ದು ನಿಂತಳು. "ಬರತೈತ್ರಿ ಬಾಯಾರ. ದಿನಾ ಮೂರ ಸರತಿ ಬರತೈತಿ. ಊರ ಕಸಾ ಎಲ್ಲಾ ತಂದು ನಮ್ಮ ಓಣಿ ಬಾಜೂಕನ ಸುರೂತೈತಿ."

ಯಾರೋ ಕಿಸಕ್ಕೆಂದರು. ಸಮೃದ್ಧಿಯ ಬೆರಳು ಟ್ಯಾಬಿನ ಮೇಲೆ ಒಂದು ಗಳಿಗೆ ನಿಂತಿತು. ಅಲ್ಲಿದ್ದದ್ದು ಎರಡೇ ಮನೆ: ಹೌದು, ಇಲ್ಲ. ಆಕೆ 'ಹೌದು' ಒತ್ತಿದಳು.

ಆಗ ಬಾಗಿಲಲ್ಲಿ ಸಾತವ್ವ ಕಾಣಿಸಿದಳು. ಗೋಡೆ ಹಿಡಿದು ನಿಂತಿದ್ದಳು. ಮೈಯೆಲ್ಲ ಬೆವರು.

"ಏ, ನೀ ಎಲ್ಲೆ ಬಂದೀ!" ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. "ಯಲ್ಲೇಶ!"

"ಇರಲಿ ಸರ್," ಎಂದಳು ಸಮೃದ್ಧಿ. ಸಾತವ್ವನ ಕಡೆ ತಿರುಗಿ, "ಬರ್ರಿ. ಇಲ್ಲೆ ಕುಂದರ್ರಿ."

ಬರ್ರಿ ಎಂದಳು, ಕುಂದರ್ರಿ ಎಂದಳು. ಆ ಕಟ್ಟಡದೊಳಗೆ ಸಾತವ್ವನಿಗೆ 'ರಿ' ಹಚ್ಚಿ ಮಾತಾಡಿದವರು ಅದೇ ಮೊದಲು. ಆಕೆಯ ಕಣ್ಣು ಹನಿಗೂಡಿತು. ಇನ್ನು ಕಾಲು ಉಳಿಯಿತು ಎಂದೇ ಅನ್ನಿಸಿತು. ಮೇಜಿನ ಎದುರಿನ ಕುರ್ಚಿಯಲ್ಲಿ ಕೂತು, ಎಲ್ಲ ಹೇಳಿದಳು. ಗಟಾರ, ಗಾಜು, ಡಾಕ್ಟರು, ಶುಕ್ರವಾರ, ಪತ್ರ.

ಸಮೃದ್ಧಿ ಟ್ಯಾಬಿನಲ್ಲಿ ಆ ದಿನದ ಫೋಟೋ ತೆಗೆದಳು. "ಇದರೊಳಗ ನಿಮ್ಮ ಕಾಲಾಗ ಬೂಟ ಐತಲ್ರಿ?"

"ಐತ್ರಿ. ನನ್ನ ಮುಂದಿನಾಕಿದು ತಗೀರಿ ಬಾಯಾರ. ಬೂಟ ಅಷ್ಟ ನೋಡ್ರಿ. ಎಡಗಾಲ ಬೂಟಿನ ತುದೀಗೆ ಬಿಳೀ ಬಣ್ಣದ ಕಲಿ ಐತಿ. ಗ್ವಾಡಿ ಬರ್ಯಾಕ ಬಂದ ಪೇಂಟರನ ಡಬ್ಬಿ ಉರುಳಿ ಬಿದ್ದದ್ದು."

ಸಮೃದ್ಧಿ ಸರಿಸಿದಳು. ಹತ್ತನೆಯವಳ ಬೂಟಿನ ಮೇಲೂ ಬಿಳಿ ಕಲೆ ಇತ್ತು. ಒಂಬತ್ತನೆಯವಳದರ ಮೇಲೂ ಇತ್ತು. ಸಿದ್ದಕ್ಕ, ರೇಣವ್ವ, ನೀಲಾ, ಲಕ್ಷ್ಮೀ. ಮುಖ ಬದಲಾಗುತ್ತಿತ್ತು, ಸೀರೆ ಬದಲಾಗುತ್ತಿತ್ತು. ಹದಿನಾಲ್ಕು ಫೋಟೋ, ಎರಡೆರಡು ನಿಮಿಷದ ಅಂತರ, ಅದೇ ಬೂಟು, ಅದೇ ಕಲೆ. ಆಕೆ ಹಿಂದಿನ ದಿನದ್ದು ತೆಗೆದಳು. ಹಿಂದಿನ ತಿಂಗಳಿನದು ತೆಗೆದಳು. ಕುತ್ತಿಗೆ ಕೆಂಪಗಾಯಿತು. ಏಳು ತಿಂಗಳಿಂದ ಈ ಫೋಟೋಗಳಿಗೆ ಬೆಳಗಾವಿಯಲ್ಲಿ ಕೂತು 'ಪರಿಶೀಲಿಸಲಾಗಿದೆ' ಎಂದು ಒತ್ತುತ್ತಿದ್ದವಳು ಆಕೆಯೇ. ಪ್ರತಿ ಫೋಟೋದ ಕೆಳಗೂ ಆಕೆಯ ಹೆಸರಿತ್ತು.

"ಸರ್," ಎಂದಳು ಮೆಲ್ಲಗೆ, "ಏನಿದು?"

ಸಾಹೇಬರು ಗಾಬರಿಯಾಗಲಿಲ್ಲ. ಕರೆಪ್ಪನ ಕಡೆ ಕೈ ಮಾಡಿದರು. ವಹಿ ಬಂತು. "ನೋಡ್ರಿ ಮೇಡಂ. ಹದಿನಾಲ್ಕು ಜೋಡಿ ಕೊಟ್ಟೇವಿ. ಹದಿನಾಲ್ಕು ಹೆಬ್ಬೆಟ್ಟು ಅದಾವ. ಕೊಟ್ಟದ್ದನ್ನ ಇವರು ಮಾರ್ಕೊಂಡಾರ. ಮಾರ್ಕೊಂಡು, ಒಂದ ಜೋಡಿಯೊಳಗ ಸರ್ಕಾರಕ್ಕ ಆಟ ಆಡಸ್ಯಾರ. ಇವತ್ತ ಕಾಲಾಗ ಇರೂವೂ ಎಲ್ಲಿಂದೋ ಕಡಾ ತಂದಾರ. ಇವತ್ತ ಗೊತ್ತಾತ ನೋಡ್ರಿ ನನಗೂ."

"ಮಾರ್ಕೊಂಡೇವಾ?" ರೇಣವ್ವ ಚೀರಿದಳು. "ನಿನ್ನ ಬಾಯಾಗ ಹುಳ ಬೀಳಲಿ! ಪೆಟಗೀ ಯಾರ ಜೀಪಿನ್ಯಾಗ ಹೋದವು ಹೇಳ್ಲೇನು?"

"ಗಪ್ಪ ಕುಂದ್ರು. ಇಲ್ಲಂದ್ರ ಪೊಲೀಸರನ್ನ ಕರಸ್ತೀನಿ. ಹದಿನಾಲ್ಕೂ ಮಂದೀನ್ನ ಇವತ್ತ ಮನೀಗೆ ಕಳಸ್ತೀನಿ."

ಸಮೃದ್ಧಿ ವಹಿ ನೋಡಿದಳು. ಟ್ಯಾಬು ನೋಡಿದಳು. ಸಾತವ್ವನ ಮುಖ ನೋಡಲಿಲ್ಲ. ಅವಳ ಪ್ರಶ್ನೆ ಹೀಗಿತ್ತು: ರಕ್ಷಣಾ ಸಲಕರಣೆ ಎಲ್ಲರಿಗೂ ಸಮಾನವಾಗಿ ವಿತರಣೆ ಆಗಿದೆಯೇ? ಅವಳ ಬೆರಳು ಹೌದು ಎಂದು ಒತ್ತಿತು.

"ಅಕ್ಕಾ," ಎಂದಳು, ಟ್ಯಾಬಿಗೇ ಹೇಳುವಂತೆ, "ಗಾಯದ ವಿಷಯ ನನ್ನ ಪರಿಶೀಲನೆಯೊಳಗ ಬರೂದಿಲ್ರಿ. ಅದು ಸಾಹೇಬರ ಕಡೇನ..."

ಕರೆಪ್ಪ ಅದೇ ಟೈಪು ಮಾಡಿದ ಕಾಗದ ತಂದು ಮೇಜಿನ ಗಾಜಿನ ಮೇಲೆ ಹಾಸಿದ. ಯಲ್ಲೇಶ ಮಸಿಯ ಡಬ್ಬಿ ತೆರೆದಿಟ್ಟ. ಸಾಹೇಬರ ದನಿ ಈಗ ಎಣ್ಣೆ ಹಚ್ಚಿದಂತೆ ಇತ್ತು. "ಒತ್ತವಾ ಸಾತವ್ವ. ಒತ್ತಿದ್ರ ಬೂಟಿನ ವಿಷಯ ನಾ ಇಲ್ಲಿಗೇ ಬಿಡತೀನಿ. ಒತ್ತಲಿಲ್ಲಂದ್ರ ನಿನ್ನ ಸಲುವಾಗಿ ಹದಿಮೂರು ಮಂದಿ ಹೊಟ್ಟಿ ಮ್ಯಾಲ ಬರತೈತಿ. ನೋಡು ಅವರ ಮಾರಿ."

ಸಾತವ್ವ ತಿರುಗಿ ನೋಡಿದಳು. ಹದಿಮೂರು ಮುಖ. ಸಿದ್ದಕ್ಕ ಅಳುತ್ತಿದ್ದಳು. "ಒತ್ತಿ ಬಿಡ ಯವ್ವಾ," ಎಂದಳು. "ಬೆರಳ ಹೋಗೂದು ಹೆಂಗೂ ಹೋಗತೈತಿ. ನನ್ನ ಮನ್ಯಾಗ ದುಡಿಯಾವ್ರು ಬ್ಯಾರೆ ಯಾರೂ ಇಲ್ಲ." ಮಿಕ್ಕವರು ನೆಲ ನೋಡಿದರು. ರೇಣವ್ವ ಮಾತ್ರ ನೋಡುತ್ತಿದ್ದಳು.

ಸಾತವ್ವ ಬಗ್ಗಿ ಕಾಲಿನ ಅರಿವೆ ಬಿಚ್ಚತೊಡಗಿದಳು. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತು ಚರ್ಮಕ್ಕೆ ಅಂಟಿತ್ತು. ಹಲ್ಲು ಕಚ್ಚಿ ಎಳೆದಳು. ವಾಸನೆ ಮೊದಲು ಮೇಜಿಗೆ, ಆಮೇಲೆ ಇಡೀ ಭವನಕ್ಕೆ ಹಬ್ಬಿತು. ಕೋಳಿ ಅಂಗಡಿಯ ಗಟಾರವೇ ಎದ್ದು ಬಂದು ಕುರ್ಚಿಯಲ್ಲಿ ಕೂತಂತಾಯಿತು. ಸಮೃದ್ಧಿ ಸೆರಗು ಮೂಗಿಗೆ ಒತ್ತಿ ಎದ್ದಳು. ಸಾಹೇಬರ ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು.

"ಏನ್ ಮಾಡಾಕತ್ತೀ! ಹೆಬ್ಬೆಟ್ಟ ಒತ್ತ ಅಂದ್ರ..."

"ಒತ್ತತೀನ್ರಿ. ಎಲ್ಲಿ ಹೋಗತೀರಿ, ನಿಂದರ್ರಿ." ಸಾತವ್ವನ ದನಿ ಏರಲಿಲ್ಲ. "ಹಿಂದ ಒಮ್ಮಿ ಕೈ ಒತ್ತಿದ್ವಿ. ಹದಿಮೂರ ಜೋಡಿ ಬೂಟ ಹೋದವು, ಕಳ್ಳರಾದಿವಿ. ಕೈ ಸಾಕ್ರಿ ಇನ್ನ."

ಆಕೆ ಎದ್ದು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಎಡಗಾಲು ಎತ್ತಿ ಗಾಜಿನ ಮೇಲಿಟ್ಟಳು. ಅಂಗಾಲನ್ನು ಕಾಗದದ ಮೇಲೆ ಊರಿದಳು. ನೋವಿಗೆ ಕಣ್ಣು ಮೇಲೆ ಹೋದವು. ಆದರೂ ಮೈಭಾರ ಎಲ್ಲ ಹಾಕಿ ಒತ್ತಿದಳು. ಮಸಿಯ ಡಬ್ಬಿ ಬೇಕಾಗಲಿಲ್ಲ. ಕಾಲು ಎತ್ತಿದಾಗ ಕಾಗದದ ಮೇಲೆ ಹಳದಿ, ಕೆಂಪು, ಕರಿ ಕೂಡಿದ ಒಂದು ಪಾದ ಇತ್ತು. ಎರಡು ಬೆರಳ ಜಾಗದಲ್ಲಿ ಬರೀ ಒದ್ದೆ. ಟೈಪು ಮಾಡಿದ ಸಾಲುಗಳು ಅದರೊಳಗೆ ಕರಗುತ್ತಿದ್ದವು.

"ತಗೋರಿ. ಫೈಲಿಗೆ ಹಚ್ಚರಿ. ಇದನ್ನೂ ಬೆಂಗಳೂರಿಗೆ ಕಳಸ್ರಿ."

ಕರೆಪ್ಪ ಬಾಗಿಲ ಹೊರಗೆ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು.

"ಯಲ್ಲೇಶ!" ಸಾಹೇಬರು ಗೋಡೆಗೆ ಒರಗಿ ಕೂಗಿದರು. "ತಗಿಯೋ ಅದನ್ನ! ಮೇಜ ಮ್ಯಾಲಿಂದ ತಗಿ ಮೊದಲ!"

ಯಲ್ಲೇಶ ಒಂದು ಹೆಜ್ಜೆ ಮುಂದೆ ಬಂದ. ಕಾಗದ ನೋಡಿದ. ಸಾತವ್ವನ ಮುಖ ನೋಡಿದ. ಅವನ ಕೈ ಏಳಲಿಲ್ಲ.

"ಲೇ, ಯಾರರ ತಗೀರೆಲೇ ಇದನ್ನ! ಏ ಸಿದ್ದಕ್ಕ! ರೇಣವ್ವ! ಕುಂತ ನೋಡ್ತೀರೇನ, ಹೇಸಿಗಿ ಬಿದ್ದೈತಿ ಇಲ್ಲೆ!"

ಊರಿನ ಹೇಸಿಗೆಯನ್ನೆಲ್ಲ ಬರಿಗೈಯಲ್ಲಿ ಎತ್ತುವ ಹೆಂಗಸರು. ಕುರ್ಚಿಯ ಅಂಚಿಗೆ ಕೂತಿದ್ದ ರೇಣವ್ವ ಹಿಂದಕ್ಕೆ ಸರಿದು, ಬೆನ್ನು ಒರಗಿಸಿ ಕೂತಳು. ಆರಿದ ಚಹಾ ಬಾಯಿಗೆ ಹಚ್ಚಿದಳು. ಸಿದ್ದಕ್ಕ ಅಳುತ್ತಲೇ ಸೆರಗಿನಲ್ಲಿ ಎರಡೂ ಕೈ ಸುತ್ತಿಕೊಂಡಳು.

ಮೇಜಿನ ಗಾಜಿನ ಮೇಲೆ ರಸಿಯ ಒಂದು ಎಳೆ ಕಾಗದದ ಅಂಚು ದಾಟಿ, ಮೇಡಂ ಬಿಟ್ಟು ಎದ್ದ ಟ್ಯಾಬಿನ ಕಡೆಗೆ ಹರಿಯುತ್ತಿತ್ತು. ಟ್ಯಾಬಿನಲ್ಲಿ ಮುಂದಿನ ಪ್ರಶ್ನೆ ಬೆಳಗುತ್ತಿತ್ತು. ಕೈ ಚಾಚಿದರೆ ಎತ್ತಿಕೊಳ್ಳಬಹುದಿತ್ತು. ಸಮೃದ್ಧಿ ಕೈ ಚಾಚಲಿಲ್ಲ. ಯಾರೂ ಏಳಲಿಲ್ಲ.